ಸ್ಪೇಸ್ ಬೇಕು ಅಂದರೆ ಯಾವ ಪುಸ್ತಕ?

ನಮ್ಮಕ್ಕನ ಮಗಳು ಪಿಯುಸಿ ಎರಡನೇ ವರ್ಷ. ಹೋದ ತಿಂಗಳು ಒಂದೇ ದಿನ ಎರಡು ಸಲ ಫೋನ್ ಮಾಡಿದಳು. ಬೆಳಿಗ್ಗೆ, "ಚಿಕ್ಕಮ್ಮಾ, ಸ್ಪೇಸ್ ಬಗ್ಗೆ ಒಂದು ಒಳ್ಳೇ ಪುಸ್ತಕ ಹೇಳು" ಎಂದಳು. ಸಂಜೆ ಅಳುಮುಖ ಮಾಡಿಕೊಂಡು, "ಈ ಮನೇಲಿ ನಂಗೆ ಸ್ಪೇಸೇ ಇಲ್ಲ ಚಿಕ್ಕಮ್ಮಾ" ಎಂದಳು. ಅವರಪ್ಪನ ಕಡೆಯ ಅಜ್ಜಿ ಬಂದಿದ್ದಾರೆ. ಇವಳ ಕೋಣೆ ಅವರಿಗೆ ಹೋಗಿದೆ. ಇವಳ ಪುಸ್ತಕಗಳು ಊಟದ ಟೇಬಲ್ಲಿಗೆ ಬಂದಿವೆ.

ಎರಡೂ ಸಲ ಅವಳು ಬಳಸಿದ್ದು ಒಂದೇ ಪದ. ಕೇಳಿ ನಗು ಬಂತು. ಆಮೇಲೆ ಯೋಚಿಸಿದರೆ ಕನ್ನಡದಲ್ಲೂ ಇದು ಹೆಚ್ಚುಕಮ್ಮಿ ಹಾಗೇ ಇದೆ. ಆಕಾಶ, ಅವಕಾಶ ಎರಡೂ ಒಂದೇ ಧಾತುವಿನಿಂದ ಬಂದ ಪದಗಳು. ತಲೆಯ ಮೇಲೆ ಇರುವುದು ಆಕಾಶ. ಕೂರಲು ಜಾಗ ಸಿಕ್ಕರೆ, ಮಾತಾಡಲು ಸರದಿ ಸಿಕ್ಕರೆ ಅದು ಅವಕಾಶ. ಹಾಗಾಗಿ ಅವಳಿಗೆ ಪುಸ್ತಕ ಹುಡುಕುವಾಗ ಎರಡೂ ಕಪಾಟು ತೆರೆದೆ. ಒಂದರಲ್ಲಿ ಬಾಹ್ಯಾಕಾಶದ ಪುಸ್ತಕಗಳು. ಇನ್ನೊಂದರಲ್ಲಿ ಮನೆ, ಬೀದಿ, ಕೇರಿ, ಮಸೀದಿಗಳಲ್ಲಿ ಯಾರಿಗೆ ಎಷ್ಟು ಜಾಗ ಎಂದು ಕೇಳುವ ಪುಸ್ತಕಗಳು.

ಹೋಲಿಸಲು ನನ್ನದೊಂದು ಅಡ್ಡದಾರಿ ಇದೆ. ಪುಸ್ತಕ ರಾಕೆಟ್ಟಿನದ್ದಾಗಲಿ, ಹಳ್ಳಿಯದ್ದಾಗಲಿ, ಅದರಲ್ಲಿ ಯಾರು ಎಲ್ಲಿ ಕೂರುತ್ತಾರೆ ಅಂತ ನೋಡುತ್ತೇನೆ. ಬೆಂಚು, ಮೇಜು, ಜಗಲಿ, ಅಡುಗೆಮನೆ, ಟಾಯ್ಲೆಟ್ಟು ಕೂಡ. ಬರೆದವರು ಅದನ್ನು ಗಮನಿಸಿದ್ದರೆ ಪುಸ್ತಕ ನನಗೆ ಹಿಡಿಸುತ್ತದೆ. ಗಮನಿಸದಿದ್ದರೆ ಎಷ್ಟು ನಕ್ಷತ್ರ ತೋರಿಸಿದರೂ ಎಲ್ಲೋ ಏನೋ ಕಮ್ಮಿ ಅನಿಸುತ್ತದೆ. ಇದು ನನ್ನ ಹುಚ್ಚು. ನಿಮಗೆ ಬರೀ ನಕ್ಷತ್ರ ಸಾಕು ಅಂದರೂ ತಪ್ಪೇನಿಲ್ಲ. ಅಂಥವರಿಂದಲೇ ಶುರು ಮಾಡೋಣ.

ಮೊದಲ ಪುಸ್ತಕ: ಹಾಕಿಂಗಾ, ಸೇಗನ್ನಾ?

ಹೆಚ್ಚಿನವರು ಮೊದಲು ಕೊಳ್ಳುವುದು ಸ್ಟೀಫನ್ ಹಾಕಿಂಗ್ ಅವರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್'. 1988ರದ್ದು. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬರುತ್ತದೆ, ಮೂರನೇ ಅಧ್ಯಾಯದ ಹತ್ತಿರ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಅಲ್ಲೇ ಉಳಿದುಬಿಡುತ್ತದೆ. ನನ್ನ ಪ್ರತಿಯ ಕಥೆಯೂ ಬಹಳ ವರ್ಷ ಅದೇ ಆಗಿತ್ತು. ಒಂದೊಂದು ಸಮೀಕರಣ ಹಾಕಿದಾಗಲೂ ಮಾರಾಟ ಅರ್ಧಕ್ಕೆ ಇಳಿಯುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಅದಕ್ಕೇ ಇಡೀ ಪುಸ್ತಕದಲ್ಲಿ ಐನ್‌ಸ್ಟೈನರ ಒಂದೇ ಒಂದು ಸಮೀಕರಣ ಇದೆ. ಸಮೀಕರಣ ಇಲ್ಲ ಅಂದ ಮಾತ್ರಕ್ಕೆ ಸುಲಭ ಅಂತ ಅಲ್ಲ. ಕಾಲ ಎಂದರೇನು, ಕಪ್ಪುಕುಳಿಯ ಅಂಚಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗಳ ಜೊತೆ ತಲೆ ಕೆಡಿಸಿಕೊಳ್ಳಲು ಇಷ್ಟ ಇರುವವರಿಗೆ ಇದು ಸರಿ. ಭೌತಶಾಸ್ತ್ರ ಓದುವ ಮಕ್ಕಳಿಗೆ ಕೊಡಿ. ಉಳಿದವರಿಗೆ ಎರಡನೇ ಪುಸ್ತಕವಾಗಿ ಇರಲಿ.

ಮೊದಲನೆಯದಾಗಿ ನಾನು ಕೊಡುವುದು ಕಾರ್ಲ್ ಸೇಗನ್ ಅವರ 'ಕಾಸ್ಮೋಸ್'. 1980ರಲ್ಲಿ ಬಂದ 13 ಕಂತುಗಳ ಟಿವಿ ಸರಣಿಯ ಜೊತೆಗೇ ಬಂದ ಪುಸ್ತಕ. ಅಧ್ಯಾಯಗಳೂ 13. ಈಜಿಪ್ಟಿನ ಎರಟೋಸ್ತನೀಸ್ ಒಂದು ಕೋಲಿನ ನೆರಳು ನೋಡಿಕೊಂಡು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಕಥೆ ಶುರುವಿನಲ್ಲೇ ಇದೆ. ವರ್ಷದ ಅತಿ ಉದ್ದದ ಹಗಲು. ನಡುಹಗಲಲ್ಲಿ ಸಯೀನ್ ಊರಲ್ಲಿ ಕೋಲಿಗೆ ನೆರಳೇ ಇಲ್ಲ. ಅಲೆಗ್ಸಾಂಡ್ರಿಯಾದಲ್ಲಿ ಸುಮಾರು ಏಳು ಡಿಗ್ರಿಯಷ್ಟು ನೆರಳು. ಏಳು ಡಿಗ್ರಿ ಎಂದರೆ ಪೂರ್ತಿ ಸುತ್ತಿನ ಐವತ್ತನೇ ಒಂದು ಭಾಗ. ಎರಡು ಊರಿನ ನಡುವಿನ ದೂರವನ್ನು ಐವತ್ತರಿಂದ ಗುಣಿಸಿದರೆ ಮುಗಿಯಿತು, ಹತ್ತಿರ ಹತ್ತಿರ 40,000 ಕಿಲೋಮೀಟರ್. ಹೈಸ್ಕೂಲ್ ಮಕ್ಕಳೂ ಅಂಗಳದಲ್ಲಿ ಮಾಡಿ ನೋಡಬಹುದು, ಬೇರೆ ಊರಲ್ಲಿ ಒಬ್ಬ ಗೆಳೆಯ ಇದ್ದರೆ.

ಆದರೆ ನಾನು ಈ ಪುಸ್ತಕಕ್ಕೆ ಮಾರುಹೋಗಿದ್ದು ಕೊನೆಯ ಅಧ್ಯಾಯದ ಒಂದು ಮಾತಿಗೆ. ಅಲೆಗ್ಸಾಂಡ್ರಿಯಾದ ದೊಡ್ಡ ಗ್ರಂಥಾಲಯ ಯಾಕೆ ಉಳಿಯಲಿಲ್ಲ ಎಂದು ಸೇಗನ್ ಕೇಳುತ್ತಾರೆ. ಅಲ್ಲಿನ ಪಂಡಿತರು ನಕ್ಷತ್ರಗಳು ಶಾಶ್ವತವೇ ಎಂದು ಪ್ರಶ್ನೆ ಮಾಡಿದರು, ಗುಲಾಮಗಿರಿ ನ್ಯಾಯವೇ ಎಂದು ಯಾರೂ ಕೇಳಲಿಲ್ಲ ಎನ್ನುತ್ತಾರೆ. ಒಳಗೆ ಕೂತವರು ಆಕಾಶ ಅಳೆಯುತ್ತಿದ್ದರು. ಹೊರಗಿನವರಿಗೆ ಆ ವಿದ್ಯೆಯಲ್ಲಿ ಪಾಲೇ ಇರಲಿಲ್ಲ. ಹಾಗಿದ್ದಾಗ ಗುಂಪು ನುಗ್ಗಿ ಸುಟ್ಟರೆ ತಡೆಯುವವರು ಯಾರು? ಯಾರು ಎಲ್ಲಿ ಕೂರುತ್ತಾರೆ ಎಂದು ನೋಡುವ ನನ್ನ ಹುಚ್ಚು ಶುರುವಾಗಿದ್ದು ಇಲ್ಲಿಂದ.

ಇದೇ ಸೇಗನ್ ಅವರ 1994ರ 'ಪೇಲ್ ಬ್ಲೂ ಡಾಟ್' ಕೂಡ ಇದೆ. 1990ರ ಫೆಬ್ರವರಿ 14ರಂದು ವಾಯೇಜರ್ 1 ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ತಿರುಗಿ ಭೂಮಿಯ ಫೋಟೋ ತೆಗೆಯಿತು. ಚಿತ್ರದಲ್ಲಿ ಭೂಮಿ ಒಂದು ಪಿಕ್ಸೆಲ್ಲೂ ಇಲ್ಲ. ಆ ಅಧ್ಯಾಯ ಅದ್ಭುತ. ಉಳಿದದ್ದರಲ್ಲಿ ಗ್ರಹಗಳ ಬಗ್ಗೆ ಬರೆದದ್ದು ಅಲ್ಲಲ್ಲಿ ಹಳತಾಗಿದೆ. ಎರಡರಲ್ಲಿ ಒಂದೇ ಕೊಳ್ಳುವುದಾದರೆ 'ಕಾಸ್ಮೋಸ್'.

ಕನ್ನಡದಲ್ಲೇ ಬೇಕು ಅಂದರೆ

ಕನ್ನಡದಲ್ಲಿ ಏನಿದೆ ಅಂತ ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಜಿ.ಟಿ. ನಾರಾಯಣ ರಾವ್. ಮಡಿಕೇರಿಯಲ್ಲಿ ಹುಟ್ಟಿದವರು, ಗಣಿತದ ಮೇಷ್ಟ್ರು, ಆಮೇಲೆ ಮೈಸೂರಿನಲ್ಲಿ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರು. ಅವರ 'ನಕ್ಷತ್ರ ವೀಕ್ಷಣೆ' ಮಹಡಿ ಮೇಲೆ ಟಾರ್ಚ್ ಹಿಡಿದುಕೊಂಡು ಓದುವ ಪುಸ್ತಕ. ಭಾಷೆ ಸ್ವಲ್ಪ ಗಟ್ಟಿ. ಸಂಸ್ಕೃತ ಪದಗಳು ಜಾಸ್ತಿ. ಆದರೆ ಕೈಹಿಡಿದು ಆಕಾಶ ತೋರಿಸುವ ಮೇಷ್ಟ್ರ ದನಿ ಅದರೊಳಗೆ ಕೇಳುತ್ತದೆ. ಹಾಕಿಂಗ್, ಸೇಗನ್ ಇಬ್ಬರೂ ಕೂತಲ್ಲೇ ಓದಿಸುತ್ತಾರೆ. ಇದು ನಿಮ್ಮನ್ನು ಮನೆಯಿಂದ ಆಚೆ ಎಬ್ಬಿಸುತ್ತದೆ. ಬೆಂಗಳೂರಿನ ಬೆಳಕಲ್ಲಿ ಕೂತು ಓದಿದರೆ ಸುಮ್ನೆ ಬೇಜಾರು, ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಹಳ್ಳಿಯಲ್ಲಿ ಬೆಳೆದವರಿಗೆ ಈ ಹೆಸರುಗಳು ಹೊಸವೇನಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆ ಹೆಸರಿನದೇ ಮಳೆ. ಭರಣಿ ಮಳೆ, ಕೃತ್ತಿಕೆ ಮಳೆ, ಆರಿದ್ರಾ ಮಳೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ ಗಾದೆ ಇದೆಯಲ್ಲ, ಅದರಲ್ಲಿ ಆಕಾಶದ ರೋಹಿಣಿ ನೇರ ನಮ್ಮ ಓಣಿಗೇ ಇಳಿದುಬಿಡುತ್ತಾಳೆ. ನಮ್ಮಜ್ಜನಿಗೆ ಓದು ಬರುತ್ತಿರಲಿಲ್ಲ. ಮಳೆ ನಕ್ಷತ್ರದ ಲೆಕ್ಕ ಬೆರಳ ತುದಿಯಲ್ಲಿ ಇತ್ತು.

ಇದಕ್ಕೆ ಹತ್ತಿರದ ಇನ್ನೊಂದು ಪುಸ್ತಕ ಇಂಗ್ಲಿಷಿನಲ್ಲಿದೆ, ವಿಷಯ ಮಾತ್ರ ನಮ್ಮದೇ. ಬೆಂಗಳೂರಿನ ನೆಹರೂ ತಾರಾಲಯದಲ್ಲಿ ಕೆಲಸ ಮಾಡಿದ ಬಿ.ಎಸ್. ಶೈಲಜಾ ಅವರು ಕೆ.ಜಿ. ಗೀತಾ ಅವರ ಜೊತೆ ಸೇರಿ ಬರೆದ 'ಹಿಸ್ಟರಿ ಆಫ್ ದಿ ಸ್ಕೈ ಆನ್ ಸ್ಟೋನ್ಸ್'. ಶಾಸನಗಳಲ್ಲಿ ಬರುವ ಗ್ರಹಣ, ಸಂಕ್ರಾಂತಿಗಳ ಉಲ್ಲೇಖಗಳನ್ನು ಒಂದೊಂದೇ ಹುಡುಕಿ ತೆಗೆದು, ದಿನಾಂಕಕ್ಕೆ ತಾಳೆ ಹಾಕಿ ನೋಡಿದ ಕೆಲಸ. ಗ್ರಹಣದ ಹೊತ್ತಿಗೆ ರಾಜ ಭೂಮಿ ದಾನ ಕೊಡುತ್ತಿದ್ದ. ಯಾವ ಗ್ರಹಣ, ಯಾರಿಗೆ ಎಷ್ಟು ಭೂಮಿ, ಎಲ್ಲೆಕಟ್ಟು ಎಲ್ಲಿಂದ ಎಲ್ಲಿಗೆ, ಎಲ್ಲವೂ ಒಂದೇ ಕಲ್ಲಿನ ಮೇಲೆ. ದಾನ ಎಷ್ಟು ಕಾಲ ನಡೆಯಬೇಕು ಎಂದರೆ 'ಆಚಂದ್ರಾರ್ಕ', ಚಂದ್ರ ಸೂರ್ಯ ಇರುವವರೆಗೆ. ಜಮೀನಿನ ಜಗಳಕ್ಕೆ ಆಕಾಶವನ್ನೇ ಸಾಕ್ಷಿಗೆ ಕರೆದ ಜನ ನಾವು. ಇದು ಸಂಶೋಧನೆಯ ಪುಸ್ತಕ, ಕಾದಂಬರಿಯಂತೆ ಓಡುವುದಿಲ್ಲ. ಶಾಸನ ಅಂದರೆ ಕಿವಿ ನಿಮಿರುವವರಿಗೆ ಮಾತ್ರ.

ಬೆಂಚಿನ ಕಥೆ, ಮೇಜಿನ ಕಥೆ

ಈಗ ನನ್ನ ಇಷ್ಟದ ಜೋಡಿಗೆ ಬರುತ್ತೇನೆ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅರುಣ್ ತಿವಾರಿ ಅವರ ಜೊತೆ ಬರೆದ 'ವಿಂಗ್ಸ್ ಆಫ್ ಫೈರ್' ಒಂದು. 1999ರದ್ದು, ಕನ್ನಡದಲ್ಲೂ ಬಂದಿದೆ. ಮಾರ್ಗೊ ಲೀ ಶೆಟರ್ಲಿ ಅವರ 2016ರ 'ಹಿಡನ್ ಫಿಗರ್ಸ್' ಇನ್ನೊಂದು. ಎರಡರಲ್ಲೂ ರಾಕೆಟ್ ಇದೆ. ಎರಡರಲ್ಲೂ ನನ್ನ ಮನಸ್ಸಿನಲ್ಲಿ ಉಳಿದದ್ದು ರಾಕೆಟ್ ಅಲ್ಲ.

ಕಲಾಂ ರಾಮೇಶ್ವರದ ಶಾಲೆಯಲ್ಲಿ ಐದನೇ ಕ್ಲಾಸು. ಮುಂದಿನ ಸಾಲಿನಲ್ಲಿ ದೇವಸ್ಥಾನದ ಅರ್ಚಕರ ಮಗ ರಾಮನಾಥ ಶಾಸ್ತ್ರಿಯ ಪಕ್ಕ ಕೂರುತ್ತಿದ್ದರು. ಹೊಸ ಮೇಷ್ಟ್ರು ಬಂದರು. ಪುರೋಹಿತರ ಮಗನ ಪಕ್ಕ ಟೋಪಿ ಹಾಕಿದ ಮುಸ್ಲಿಂ ಹುಡುಗ ಕೂತಿದ್ದು ಅವರಿಗೆ ಸಹಿಸಲಿಲ್ಲ. ಎದ್ದು ಹಿಂದಿನ ಬೆಂಚಿಗೆ ಹೋಗು ಎಂದರು. ರಾಮನಾಥನ ಕಣ್ಣಲ್ಲಿ ನೀರು. ವಿಷಯ ಮನೆಗೆ ತಲುಪಿದಾಗ ಅರ್ಚಕರೇ ಮೇಷ್ಟ್ರನ್ನು ಕರೆಸಿ, ಮಕ್ಕಳ ತಲೆಯಲ್ಲಿ ವಿಷ ತುಂಬಬೇಡಿ ಎಂದು ಖಡಾಖಂಡಿತವಾಗಿ ಹೇಳಿದರು. ಇನ್ನೊಂದು ಕಡೆ ವಿಜ್ಞಾನದ ಮೇಷ್ಟ್ರು ಶಿವಸುಬ್ರಹ್ಮಣ್ಯ ಅಯ್ಯರ್ ಹುಡುಗನನ್ನು ಊಟಕ್ಕೆ ಕರೆಯುತ್ತಾರೆ. ಮಡಿಯ ಅಡುಗೆಮನೆಯಲ್ಲಿ ಬಡಿಸಲು ಹೆಂಡತಿ ಒಪ್ಪುವುದಿಲ್ಲ. ಅಯ್ಯರ್ ತಾವೇ ಬಡಿಸಿ ಪಕ್ಕದಲ್ಲಿ ಕೂತು ಉಣ್ಣುತ್ತಾರೆ. ಮುಂದಿನ ವಾರ ಮತ್ತೆ ಕರೆಯುತ್ತಾರೆ. ಈ ಸಲ ಆಕೆಯೇ ಹುಡುಗನನ್ನು ಅಡುಗೆಮನೆಯ ಒಳಗೆ ಕರೆದು ಬಡಿಸುತ್ತಾರೆ. ಹೊಸ್ತಿಲು ದಾಟಲು ಒಂದು ವಾರ ಬೇಕಾಯಿತು. ರಾಕೆಟ್ ಹಾರಿಸಿದ ಅಧ್ಯಾಯಗಳಿಗಿಂತ ಈ ಒಂದು ವಾರ ನನಗೆ ದೊಡ್ಡದಾಗಿ ಕಾಣುತ್ತದೆ.

ತುಂಬಾದ ಕಥೆಯೂ ಇದರಲ್ಲಿದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಹತ್ತಿರದಲ್ಲೇ ಹಾದುಹೋಗುವ ಕಾರಣ ಕೇರಳದ ಈ ಮೀನುಗಾರರ ಹಳ್ಳಿಯನ್ನು ರಾಕೆಟ್ ಹಾರಿಸಲು ಆರಿಸಿದರು. ಅಲ್ಲಿನ ಸಂತ ಮೇರಿ ಮ್ಯಾಗ್ದಲೀನ್ ಚರ್ಚು ಮೊದಲ ಆಫೀಸಾಯಿತು. ಪ್ರಾರ್ಥನೆಯ ಕೋಣೆ ಕಲಾಂ ಅವರ ಪ್ರಯೋಗಶಾಲೆ, ಬಿಷಪ್ಪರ ಕೋಣೆ ಡ್ರಾಯಿಂಗ್ ಆಫೀಸು. 1963ರ ನವೆಂಬರ್ 21ಕ್ಕೆ ಮೊದಲ ರಾಕೆಟ್ ಹಾರಿತು. ದೇವರ ಜಾಗವನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟ ಕಥೆ ಎಂದು ಇದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿಂದ ಎದ್ದು ಹೋದ ಮೀನುಗಾರರ ಬಾಯಲ್ಲಿ ಇದೇ ಕಥೆ ಹೇಗಿದೆಯೋ, ಅದು ಈ ಪುಸ್ತಕದಲ್ಲಿ ಸಿಗುವುದಿಲ್ಲ. ತುಂಬಾದ ದಿನಗಳ ಬಗ್ಗೆ ಇನ್ನೂ ಬೇಕು ಅಂದರೆ ಆರ್. ಅರವಮುದನ್ ಅವರು ಗೀತಾ ಅರವಮುದನ್ ಅವರ ಜೊತೆ ಬರೆದ 'ಇಸ್ರೋ: ಎ ಪರ್ಸನಲ್ ಹಿಸ್ಟರಿ' ಓದಿ. ಅವರು ಶುರುವಿನಿಂದಲೂ ಅಲ್ಲಿದ್ದವರು, ಆಮೇಲೆ ಬೆಂಗಳೂರಿನ ಉಪಗ್ರಹ ಕೇಂದ್ರದ ನಿರ್ದೇಶಕರಾದರು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ನಮ್ಮ ಮೊದಲ ಉಪಗ್ರಹ ಆರ್ಯಭಟ ತಯಾರಾಗಿ 1975ರ ಏಪ್ರಿಲ್ 19ಕ್ಕೆ ಹಾರಿದ ಕಾಲದ ಜನ ಇವರು. ಕಲಾಂ ಪುಸ್ತಕ ಹುರಿದುಂಬಿಸುತ್ತದೆ. ಇದು ಸಹೋದ್ಯೋಗಿ ಕಾಫಿ ಕುಡಿಯುತ್ತಾ ಹಳೇ ಕಥೆ ಹೇಳಿದ ಹಾಗಿದೆ. ದೊಡ್ಡವರಿಗೆ ಎರಡನೆಯದೇ ರುಚಿಸಬಹುದು.

ಇನ್ನು 'ಹಿಡನ್ ಫಿಗರ್ಸ್'. ಅಮೆರಿಕದ ವರ್ಜೀನಿಯಾದಲ್ಲಿ ಲ್ಯಾಂಗ್ಲಿ ಸಂಶೋಧನಾ ಕೇಂದ್ರ. ಆಗಿನ್ನೂ ನಾಸಾ ಹುಟ್ಟಿರಲಿಲ್ಲ. ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಮನುಷ್ಯರು. ಆ ಕೆಲಸಕ್ಕೆ ಸೇರಿದ ಕಪ್ಪು ಹೆಂಗಸರಿಗೆ ಪಶ್ಚಿಮದ ಕಟ್ಟಡದಲ್ಲಿ ಬೇರೆ ವಿಭಾಗ. ಕ್ಯಾಂಟೀನಿನ ಒಳಗೆ ಹಿಂಭಾಗದಲ್ಲಿ ಒಂದು ಮೇಜು, ಅದರ ಮೇಲೆ 'ಕಪ್ಪು ಕಂಪ್ಯೂಟರುಗಳಿಗೆ' ಎಂಬ ಅರ್ಥದ ಬೋರ್ಡು. ಮಿರಿಯಂ ಮ್ಯಾನ್ ಎಂಬಾಕೆ ಒಂದು ದಿನ ಆ ಬೋರ್ಡನ್ನು ಎತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡರು. ಕೆಲವು ದಿನ ಕಳೆದ ಮೇಲೆ ಹೊಸ ಬೋರ್ಡು ಬಂತು. ಅದೂ ಕೈಚೀಲಕ್ಕೆ ಹೋಯಿತು. ಹೀಗೇ ನಡೆದು ನಡೆದು ಕೊನೆಗೆ ಬೋರ್ಡು ಇಡುವವರೇ ಸೋತರು. ಆದರೆ ಬೋರ್ಡು ಹೋದರೂ ಮೇಜು ಅದೇ ಇತ್ತು, ಅವರು ಕೂರುವುದೂ ಅಲ್ಲೇ. ಶೆಟರ್ಲಿ ಇದನ್ನು ಬಣ್ಣ ಕಟ್ಟದೆ ಬರೆಯುತ್ತಾರೆ.

ಸಿನಿಮಾ ನೋಡಿದ್ದೀನಿ, ಪುಸ್ತಕ ಯಾಕೆ ಅನ್ನುವವರಿಗೆ ಒಂದು ಮಾತು. ಬಿಳಿಯ ಬಾಸ್ ಕಪ್ಪು ಹೆಂಗಸರ ಟಾಯ್ಲೆಟ್ಟಿನ ಬೋರ್ಡು ಒಡೆಯುವ ದೃಶ್ಯ ಸಿನಿಮಾದವರ ಸೃಷ್ಟಿ. ಪುಸ್ತಕದಲ್ಲಿ ಹಾಗೆ ಯಾರೂ ಬಂದು ಉದ್ಧಾರ ಮಾಡುವುದಿಲ್ಲ. ಆ ಕಪ್ಪು ಹೆಂಗಸರಲ್ಲಿ ಒಬ್ಬರಾದ ಕ್ಯಾಥರೀನ್ ಜಾನ್ಸನ್ ಹತ್ತಿರದ ಟಾಯ್ಲೆಟ್ಟಿಗೇ ಹೋಗುತ್ತಿದ್ದರು, ಊಟ ತಮ್ಮ ಮೇಜಿನಲ್ಲೇ ಮುಗಿಸುತ್ತಿದ್ದರು. ಅವರಲ್ಲಿ ಇನ್ನೊಬ್ಬರು ಮೇರಿ ಜಾಕ್ಸನ್; ಅವರು ಇಂಜಿನಿಯರ್ ಆಗಲು ಬೇಕಾದ ಸಂಜೆ ಕ್ಲಾಸು ಬಿಳಿಯರ ಹೈಸ್ಕೂಲಿನಲ್ಲಿ ನಡೆಯುತ್ತಿತ್ತು. ಆ ಕಟ್ಟಡದ ಒಳಗೆ ಕಾಲಿಡಲು ಊರಿನ ಆಡಳಿತದಿಂದ ವಿಶೇಷ ಅನುಮತಿ ಪಡೆದರು. 1962ರ ಫೆಬ್ರವರಿ 20ರಂದು ಗಗನಯಾತ್ರಿ ಜಾನ್ ಗ್ಲೆನ್ ಭೂಮಿ ಸುತ್ತುವ ಮೊದಲು, ಯಂತ್ರ ಮಾಡಿದ ಲೆಕ್ಕವನ್ನು ಕ್ಯಾಥರೀನ್ ಒಮ್ಮೆ ನೋಡಲಿ ಎಂದರು. ಮನುಷ್ಯ ಭೂಮಿಯನ್ನು ಮೂರು ಸುತ್ತು ಹಾಕಿ ಇಳಿದ. ಅದೇ ಕಾಲಕ್ಕೆ ಆ ರಾಜ್ಯದ ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕೂರುವ ಜಗಳ ಮುಗಿದಿರಲಿಲ್ಲ.

ಎರಡರಲ್ಲಿ ಯಾವುದು? ಹತ್ತನೇ ಕ್ಲಾಸಿನ ಒಳಗಿನ ಮಕ್ಕಳಿಗೆ ಕಲಾಂ. ಅದಕ್ಕಿಂತ ದೊಡ್ಡವರಿಗೆ ಶೆಟರ್ಲಿ. ಕಲಾಂ ಬೆಂಚಿನ ನೋವನ್ನು ಎರಡು ಪುಟದಲ್ಲಿ ಹೇಳಿ, ಒಳ್ಳೆಯವರು ಸರಿಮಾಡಿದರು ಎಂದು ಮುಂದೆ ಹೋಗುತ್ತಾರೆ. ಶೆಟರ್ಲಿ ಮೇಜಿನ ಹತ್ತಿರವೇ ಕೂತುಬಿಡುತ್ತಾರೆ. ವಿವರ ಬಹಳ, ಹೆಸರುಗಳು ಬಹಳ, ಮಧ್ಯದಲ್ಲಿ ಸ್ವಲ್ಪ ಎಳೆಯುತ್ತದೆ. ತಾಳ್ಮೆ ಇದ್ದರೆ ಇದೇ ದೊಡ್ಡ ಪುಸ್ತಕ.

ಎರಡು ಬೂಕರ್, ಎರಡು ಕೋಣೆ

2024ರ ಬೂಕರ್ ಬಂದಿದ್ದು ಸಮಂತಾ ಹಾರ್ವಿ ಅವರ 'ಆರ್ಬಿಟಲ್' ಕಾದಂಬರಿಗೆ. ಮರುವರ್ಷ ಅಂತರರಾಷ್ಟ್ರೀಯ ಬೂಕರ್ ಬಂದಿದ್ದು ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'. ಎರಡನ್ನೂ ಒಟ್ಟಿಗೆ ಇಟ್ಟು ಓದಿದವರು ಕಡಿಮೆ ಇರಬಹುದು. ನಾನು ಓದಿದ್ದು ಕೂಡ ಆಕಸ್ಮಿಕ. ಓದಿದ ಮೇಲೆ ಬೇರೆ ಮಾಡಲು ಆಗಲಿಲ್ಲ.

'ಆರ್ಬಿಟಲ್' ತೆಳ್ಳಗಿನ ಪುಸ್ತಕ. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಜನ, ಒಂದು ದಿನ, ಭೂಮಿಗೆ ಹದಿನಾರು ಸುತ್ತು. ಕಥೆ ಅಂತ ಹೆಚ್ಚೇನೂ ನಡೆಯುವುದಿಲ್ಲ. ಕೆಳಗೆ ಒಂದು ದೊಡ್ಡ ಚಂಡಮಾರುತ ಬೆಳೆಯುತ್ತಿದೆ. ಜಪಾನಿನ ಗಗನಯಾತ್ರಿಗೆ ಅಮ್ಮ ತೀರಿಕೊಂಡ ಸುದ್ದಿ ಬಂದಿದೆ, ಇಳಿದು ಹೋಗುವಂತಿಲ್ಲ. ಸಾವಿನ ಮನೆಗೆ ಹೋಗಲು ಆಗದೆ ದೂರದೇಶದಲ್ಲಿ ಕೂತ ನಮ್ಮವರಿಗೆ ಆ ಪುಟಗಳು ಬೇರೆಯೇ ರೀತಿ ತಾಗುತ್ತವೆ. ಮೇಲಿಂದ ನೋಡಿದರೆ ಗಡಿಗಳು ಕಾಣುವುದಿಲ್ಲ ಎಂದು ಎಲ್ಲರೂ ಹೇಳುವ ಮಾತನ್ನು ಹಾರ್ವಿಯೂ ಹೇಳುತ್ತಾರೆ. ಆದರೆ ಅದೇ ನಿಲ್ದಾಣದ ಟಾಯ್ಲೆಟ್ಟುಗಳ ಮೇಲೆ ಬೋರ್ಡು ಹಾಕಿಸುತ್ತಾರೆ. ಇದು ರಷ್ಯಾದವರಿಗೆ, ಇದು ಉಳಿದವರಿಗೆ. ರಾಜಕೀಯ ಜಗಳ ನಡೆಯುತ್ತಿದೆ, ದಯವಿಟ್ಟು ನಿಮ್ಮ ದೇಶದ ಟಾಯ್ಲೆಟ್ಟನ್ನೇ ಬಳಸಿ. ಅಲ್ಲಿರುವವರು ಅದನ್ನು ನೋಡಿ ನಗುತ್ತಾರೆ.

ಬಾನು ಅವರ ಹೆಂಗಸರಿಗೆ ಹಾಗೆ ನಗಲು ಪುರುಸೊತ್ತಿಲ್ಲ. 'ಎದೆಯ ಹಣತೆ' ಕಥೆಯಲ್ಲಿ ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಹೆಂಡತಿ ಮಗು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಅದೇ ಮನೆಗೆ ಬಿಡುತ್ತಾರೆ. ಹುಟ್ಟಿದ ಮನೆಯಲ್ಲೂ ಜಾಗ ಇಲ್ಲ, ಕೊಟ್ಟ ಮನೆಯಲ್ಲೂ ಇಲ್ಲ. 'ಕರಿ ನಾಗರಗಳು' ಕಥೆಯಲ್ಲಿ ಹೆಣ್ಣುಮಕ್ಕಳನ್ನೇ ಹೆತ್ತಳು ಎಂದು ಗಂಡ ಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯಲ್ಲಿ ಬಂದು ಕೂರುತ್ತಾಳೆ. ಸುಮ್ಮನೆ ಕೂರುತ್ತಾಳೆ ಅಷ್ಟೇ. ಆ ಕೂರುವುದೇ ಊರಿಗೆಲ್ಲ ತೊಂದರೆ. ಗಿರೀಶ್ ಕಾಸರವಳ್ಳಿ ಇದನ್ನೇ 'ಹಸೀನಾ' ಸಿನಿಮಾ ಮಾಡಿದರು.

'ಆರ್ಬಿಟಲ್' ಭಾಷೆಗಾಗಿ ಓದುವ ಪುಸ್ತಕ. ಇಂಗ್ಲಿಷ್ ಚೆನ್ನಾಗಿ ಒಗ್ಗಿದ್ದರೆ ಮಾತ್ರ ತಗೊಳ್ಳಿ, ಕಥೆ ಬೇಕು ಎನ್ನುವವರಿಗೆ ಇಪ್ಪತ್ತನೇ ಪುಟಕ್ಕೆ ನಿದ್ದೆ ಬರುತ್ತದೆ. ಬಾನು ಅವರನ್ನು ದಯವಿಟ್ಟು ಕನ್ನಡದಲ್ಲೇ ಓದಿ. ಪ್ರಶಸ್ತಿ ಬಂದದ್ದು ಅನುವಾದಕ್ಕೆ ಅಂತ ಇಂಗ್ಲಿಷ್ ಪುಸ್ತಕ ಕೊಂಡುಕೊಂಡ ಕನ್ನಡಿಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಕ್ಕಳು ಹೊರದೇಶದಲ್ಲಿದ್ದು ಕನ್ನಡ ಓದಲು ಬಾರದಿದ್ದರೆ ಆಗ 'ಹಾರ್ಟ್ ಲ್ಯಾಂಪ್' ಸರಿ. ಕನ್ನಡ, ಉರ್ದು ಮಾತುಗಳನ್ನು ಇಟಾಲಿಕ್ ಮಾಡದೆ, ಅಡಿಟಿಪ್ಪಣಿ ಇಲ್ಲದೆ ಹಾಗೇ ಬಿಟ್ಟಿದ್ದಾರೆ ಭಾಸ್ತಿ. ಅದರಿಂದ ನಮ್ಮ ಮನೆಯ ಮಾತಿನ ವಾಸನೆ ಸ್ವಲ್ಪವಾದರೂ ಅವರಿಗೆ ತಲುಪುತ್ತದೆ.

ಮಂಗಳನಲ್ಲಿ ಸಂಸಾರ ಹೂಡುವವರಿಗೆ

ಮಂಗಳಗ್ರಹಕ್ಕೆ ಹೋಗಿ ನೆಲೆಸುವ ಕನಸಿನವರಿಗೆ ಎರಡು ಪುಸ್ತಕ. ಒಂದು ನಿಜದ ಲೆಕ್ಕ, ಒಂದು ಕಾದಂಬರಿ.

ಕೆಲ್ಲಿ ಮತ್ತು ಝ್ಯಾಕ್ ವೀನರ್‌ಸ್ಮಿತ್ ದಂಪತಿಯ 'ಎ ಸಿಟಿ ಆನ್ ಮಾರ್ಸ್' 2023ರದ್ದು. ಆಕೆ ಜೀವವಿಜ್ಞಾನಿ, ಆತ ಕಾರ್ಟೂನ್ ಬರೆಯುವವರು. ಹೋಗೋಣ ಅಂತಲೇ ಶುರುಮಾಡಿದವರು ಓದುತ್ತಾ ಓದುತ್ತಾ ಬೇಡಪ್ಪಾ ಅಂತಾಗಿದ್ದಾರೆ. ಮಂಗಳನ ಮಣ್ಣಲ್ಲಿ ವಿಷದ ಪರ್‌ಕ್ಲೋರೇಟ್ ಲವಣ ಇದೆ. ಕಡಿಮೆ ಗುರುತ್ವದಲ್ಲಿ ಬಸಿರು ಬಾಣಂತನ ಹೇಗೆ ಎಂದು ಯಾರಿಗೂ ಗೊತ್ತಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಅಲ್ಲಿ ಇದು ನನ್ನ ನೆಲ ಅನ್ನುವಂತಿಲ್ಲ. ನನಗೆ ಬಹಳ ಹಿಡಿಸಿದ್ದು ಕಂಪನಿ ಊರುಗಳ ಬಗ್ಗೆ ಬರೆದ ಭಾಗ. ಮನೆ, ಅಂಗಡಿ, ಆಸ್ಪತ್ರೆ ಎಲ್ಲ ಮಾಲೀಕನದ್ದೇ ಆದ ಊರಿನಲ್ಲಿ ಕೆಲಸಗಾರ ಮುಷ್ಕರ ಹೂಡುವುದು ಹೇಗೆ? ಮಂಗಳನಲ್ಲಿ ಉಸಿರಾಡುವ ಗಾಳಿಯೂ ಕಂಪನಿಯದ್ದೇ. ಕೆಜಿಎಫ್‌ನಲ್ಲಿ ಸಾಹೇಬರ ಬಂಗಲೆಗಳನ್ನೂ ಕೂಲಿಗಳ ಲೈನ್ ಮನೆಗಳನ್ನೂ ಒಂದೇ ದಿನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರೀ ನಗು ಬೇಕು, ಗಗನಯಾತ್ರಿಗಳು ಏನು ತಿಂತಾರೆ, ಹೇಗೆ ಶೌಚಕ್ಕೆ ಹೋಗ್ತಾರೆ ಅಂತ ತಿಳಿಯಬೇಕು ಅಂದರೆ ಮೇರಿ ರೋಚ್ ಅವರ 'ಪ್ಯಾಕಿಂಗ್ ಫಾರ್ ಮಾರ್ಸ್' ಸಾಕು. ರೈಲಿನಲ್ಲಿ ಓದಿ.

ಕಾದಂಬರಿ ಬೇಕಾದರೆ ಅರ್ಸುಲಾ ಕೆ. ಲಿಗ್ವಿನ್ ಅವರ 'ದಿ ಡಿಸ್‌ಪೊಸೆಸ್ಡ್'. 1974ರದ್ದು. ಒಂದು ಶ್ರೀಮಂತ ಲೋಕ, ಅದರ ಚಂದ್ರನ ಮೇಲೆ ಒಣ ನೆಲದಲ್ಲಿ ಆಸ್ತಿಯೇ ಇಲ್ಲದೆ ಬದುಕುವ ಜನ. ಕಾದಂಬರಿ ಶುರುವಾಗುವುದು ರಾಕೆಟ್ ಇಳಿಯುವ ಜಾಗದ ಸುತ್ತ ಇರುವ ಒಂದು ಗೋಡೆಯಿಂದ. ಗೋಡೆಯ ಒಳಗೆ ಇರುವುದು ಯಾವುದು, ಹೊರಗೆ ಇರುವುದು ಯಾವುದು ಎಂಬುದು ನೀವು ಯಾವ ಕಡೆ ನಿಂತಿದ್ದೀರಿ ಎನ್ನುವುದರ ಮೇಲೆ. ಮುಂದೆ ಒಂದು ಪುಟ್ಟ ದೃಶ್ಯ ಇದೆ. ಶಿಶುವಿಹಾರದ ನೆಲದ ಮೇಲೆ ಕಿಟಕಿಯ ಬಿಸಿಲು ಚೌಕಾಕಾರವಾಗಿ ಬಿದ್ದಿದೆ. ಅದರಲ್ಲಿ ಕೂತ ಮಗು, ಪಕ್ಕಕ್ಕೆ ಬಂದ ಇನ್ನೊಂದು ಮಗುವನ್ನು ದೂಡುತ್ತದೆ. ಸೂರ್ಯ ನಂದು ಎಂದು ಕೂಗುತ್ತದೆ ದೂಡಿದ ಮಗು. ನೋಡಿಕೊಳ್ಳುವಾಕೆ, ಯಾವುದೂ ನಿಂದಲ್ಲ, ಹಂಚಿಕೊಳ್ಳಬೇಕು ಎನ್ನುತ್ತಾಳೆ. ಸಮಾನತೆಯ ಊರು ಎಂದು ಲಿಗ್ವಿನ್ ಅದನ್ನು ಹೊಗಳುತ್ತಾ ಕೂರುವುದಿಲ್ಲ. ಹಂಚಿಕೊಳ್ಳಲೇಬೇಕಾದ ಆ ಲೋಕದಲ್ಲಿ ಒಂಟಿಯಾಗಿ ಯೋಚಿಸುವವನಿಗೆ ಉಸಿರು ಕಟ್ಟುತ್ತದೆ ಎಂಬುದನ್ನೂ ತೋರಿಸುತ್ತಾರೆ. ಒಟ್ಟು ಕುಟುಂಬದಲ್ಲಿ ಬೆಳೆದವರಿಗೆ ಇದು ಅರ್ಥವಾಗುವಷ್ಟು ಬೇರೆಯವರಿಗೆ ಆಗಲಿಕ್ಕಿಲ್ಲ. ಶುರುವಿನ ಐವತ್ತು ಪುಟ ಕಷ್ಟ. ಒಂದು ಅಧ್ಯಾಯ ಇಲ್ಲಿ, ಒಂದು ಅಲ್ಲಿ, ಹಿಂದೆ ಮುಂದೆ ಓಡುತ್ತದೆ. ಬಿಡದೆ ಹಿಡಿದುಕೊಳ್ಳಿ.

ಊರು, ಕೇರಿ, ಮನೆ

ಕೊನೆಯ ಕಪಾಟಿನಲ್ಲಿ ರಾಕೆಟ್ಟಿಲ್ಲ. ಜಾಗದ ಪ್ರಶ್ನೆಯನ್ನು ಹೆಸರಿನಲ್ಲೇ ಹೊತ್ತ ಪುಸ್ತಕ ಸಿದ್ದಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ನಡುವೆ ಇರುವ ದೂರ ಕಿಲೋಮೀಟರಿನಲ್ಲಿ ಹೇಳುವಂಥದ್ದಲ್ಲ. ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗ ಹೊತ್ತು ಹೊಲ ಉಳುವುದನ್ನು ಹುಡುಗ ನೋಡುತ್ತಾನೆ. ಅವರಲ್ಲಿ ಒಬ್ಬರು ಅವನ ಅಪ್ಪ. ಇಷ್ಟು ಹೇಳಿದರೆ ಪುಸ್ತಕ ಬರೀ ದುಃಖ ಅನಿಸಬಹುದು. ಹಾಗಿಲ್ಲ, ಪುಟಪುಟಕ್ಕೂ ನಗಿಸುತ್ತಾರೆ. ಬೆಂಗಳೂರಿಗೆ ಬಂದ ಮೇಲೆ ಶ್ರೀರಾಮಪುರದ ಸ್ಮಶಾನವೇ ಅವರ ಓದುವ ಕೋಣೆ. ನನ್ನ ಅಕ್ಕನ ಮಗಳಿಗೆ ಈ ಭಾಗ ಓದಿ ಹೇಳಬೇಕು ಅಂದುಕೊಂಡೆ, ಬೈದ ಹಾಗಾಗುತ್ತದೆ ಅಂತ ಸುಮ್ಮನಾದೆ.

ಇದರ ಜೊತೆ ಹೋಲಿಸಬೇಕಾದದ್ದು ಶಿವರಾಮ ಕಾರಂತರ 1933ರ 'ಚೋಮನ ದುಡಿ'. ಚೋಮನ ಹತ್ತಿರ ಎತ್ತುಗಳಿವೆ, ಉಳಲು ತನ್ನದೇ ತುಂಡು ನೆಲ ಬೇಕು. ಜಾತಿ ಅಡ್ಡ ಬರುತ್ತದೆ. ಕಾರಂತರು ಹೊರಗಿನಿಂದ, ದೊಡ್ಡ ಮರುಕದಿಂದ ಬರೆದರು. ಸಿದ್ದಲಿಂಗಯ್ಯ ಒಳಗಿನಿಂದ, ಮರುಕ ಬೇಡ ಎಂಬ ತುಂಟತನದಿಂದ ಬರೆದರು. ಮೊದಲು 'ಊರುಕೇರಿ', ಆಮೇಲೆ 'ಚೋಮನ ದುಡಿ' ಓದಿದರೆ ಇಬ್ಬರ ನಡುವಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಇದೇ ಕಾರಂತರು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ಚೋಮನ ತುಂಡು ನೆಲ, ವಿಜ್ಞಾನದ ಇಡೀ ಪ್ರಪಂಚ ಎರಡೂ ಒಬ್ಬರೇ ಬರೆದದ್ದು ಎಂಬುದು ನನಗೆ ಈಗಲೂ ಸೋಜಿಗ. ಆ ಸಂಪುಟಗಳನ್ನು ಇವತ್ತಿನ ವಿಜ್ಞಾನಕ್ಕಾಗಿ ಓದಬೇಡಿ, ಕನ್ನಡ ಎಷ್ಟು ದೂರ ಹೋಗಬಲ್ಲದು ಅಂತ ನೋಡಲು ಓದಿ.

ಜಾತಿಯ ಮಾತಿಲ್ಲದೆ ಬರೀ ಮನೆಯೊಳಗಿನ ಜಾಗದ ಕಥೆ ಬೇಕು ಅಂದರೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ರೈಲಿನ ಬೋಗಿಗಳಂತೆ ಒಂದರ ಹಿಂದೆ ಒಂದು ಇರುವ ಪುಟ್ಟ ಕೋಣೆಗಳ ಮನೆ, ಇರುವೆಗಳ ಕಾಟ, ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡು ಬದುಕು. ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ. ಕೋಣೆ ಹೆಚ್ಚಾದ ಹಾಗೆ ಏನೇನು ಕಮ್ಮಿಯಾಯಿತು ಎಂಬುದೇ ಕಥೆ. ಒಂದೇ ಸಂಜೆಗೆ ಮುಗಿಯುತ್ತದೆ. ಈ ಪಟ್ಟಿಯಲ್ಲಿ ಯಾವುದು ಓದಲಿ ಎಂದು ತೋಚದೇ ಇದ್ದರೆ ಇದನ್ನೇ ಎತ್ತಿಕೊಳ್ಳಿ.

ಅವಳಿಗೆ ನಾನು ಕೊಟ್ಟಿದ್ದು 'ಆರ್ಬಿಟಲ್'. ತೆಳ್ಳಗಿದೆ, ಇಂಗ್ಲಿಷ್ ಒಗ್ಗಿದೆ, ಆರು ಜನ ಒಂದೇ ಡಬ್ಬಿಯಲ್ಲಿ ಹೇಗೆ ಇರ್ತಾರೆ ಅಂತ ಗೊತ್ತಾಗಲಿ ಎಂದು. ನಾಲ್ಕು ದಿನ ಬಿಟ್ಟು ವಾಟ್ಸಾಪ್ ಬಂತು. "ಚಿಕ್ಕಮ್ಮಾ, ಆ ಟಾಯ್ಲೆಟ್ ಬೋರ್ಡು ಸುಳ್ಳು ತಾನೇ?"

ಕಾದಂಬರಿ ಕಣೇ, ಬೋರ್ಡು ಅವರ ಕಲ್ಪನೆ ಅಂತ ಬರೆದೆ. ಆದರೆ 2009ರಲ್ಲಿ ರಷ್ಯಾದ ಗಗನಯಾತ್ರಿ ಗೆನ್ನಡಿ ಪದಲ್ಕಾ, ನಿಲ್ದಾಣದಲ್ಲಿ ಅಮೆರಿಕದವರ ಟಾಯ್ಲೆಟ್ ಬಳಸಲು ನಮಗೆ ಬಿಡುತ್ತಿಲ್ಲ ಎಂದು ಪತ್ರಿಕೆಗೆ ದೂರಿದ್ದು ನಿಜ ಅಂತಲೂ ಬರೆದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕೈಚೀಲಕ್ಕೆ ಬೋರ್ಡು ಹಾಕಿಕೊಂಡ ಆಂಟಿ ಬಗ್ಗೆ ಹೇಳಿದ್ಯಲ್ಲ, ಆ ಪುಸ್ತಕ ಕಳಿಸು. ಅಜ್ಜಿ ಇನ್ನೂ ಒಂದು ತಿಂಗಳು ಇರ್ತಾರಂತೆ."